ಸಣ್ಣ ಕೋಷ್ಟಕಕ್ಕೆ ಯಾವ ತಂತ್ರಾಂಶ? ಎಸ್‌ಪಿಎಸ್‌ಎಸ್, ಆರ್, ಜಮೋವಿ, ಸೈಪೈಗಳಲ್ಲಿ ಫಿಶರ್ ಪರೀಕ್ಷೆಯ ವಿಮರ್ಶೆ

ಬೆಂಗಳೂರಿನ ವೈದ್ಯಕೀಯ ಕಾಲೇಜುಗಳಲ್ಲಿ ಪ್ರಬಂಧ ಸಲ್ಲಿಸುವ ಕಾಲ ಹತ್ತಿರವಾದಂತೆ ಸಂಖ್ಯಾಶಾಸ್ತ್ರದ ಸಲಹೆ ಕೇಳಿಕೊಂಡು ಬರುವ ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಬಹುಪಾಲು ಮಂದಿಯ ಕೈಯಲ್ಲಿ ಇರುವುದು ಸಾವಿರಾರು ರೋಗಿಗಳ ದತ್ತಾಂಶವಲ್ಲ. ಒಂದು ವಾರ್ಡಿನಲ್ಲಿ, ಒಂದೂವರೆ ವರ್ಷದ ಅವಧಿಯಲ್ಲಿ, ಒಬ್ಬರೇ ಕೂಡಿಸಿದ ಇಪ್ಪತ್ತೈದೋ ಮೂವತ್ತೋ ರೋಗಿಗಳ ವಿವರ ಅದು; ಕೊನೆಗೆ ಅದು ಎರಡು ಸಾಲು, ಎರಡು ಕಂಬದ ಒಂದು ಪುಟ್ಟ ಕೋಷ್ಟಕವಾಗಿ ನಿಲ್ಲುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಕೆಲವೇ ತಾಕುಗಳ ಮೇಲೆ ಪ್ರಯೋಗ ಮಾಡುವವರ ಸ್ಥಿತಿಯೂ ಇದಕ್ಕಿಂತ ಬಹಳ ಬೇರೆಯಲ್ಲ. ಇಂಥ ಕೋಷ್ಟಕಕ್ಕೆ ಸಾಮಾನ್ಯ ಕೈ-ಸ್ಕ್ವೇರ್ ಪರೀಕ್ಷೆ ಸಲ್ಲದು, ಫಿಶರ್ ಅವರ ನಿಖರ ಪರೀಕ್ಷೆಯನ್ನೇ ಮಾಡಬೇಕು ಎಂಬುದು ಎಲ್ಲರಿಗೂ ಗೊತ್ತು. ಆದರೆ ಆ ಪರೀಕ್ಷೆಯನ್ನು ಯಾವ ತಂತ್ರಾಂಶದಲ್ಲಿ ಮಾಡಬೇಕು, ಅದು ಕೊಡುವ ಸಂಖ್ಯೆಗಳನ್ನು ಹೇಗೆ ಓದಬೇಕು ಎಂಬುದನ್ನು ಕನ್ನಡದಲ್ಲಿ ವಿವರಿಸಿದವರು ಕಡಿಮೆ. ಆ ಕಾರಣಕ್ಕಾಗಿ ಈ ವಿಮರ್ಶೆ.

ನಾನು ತಂತ್ರಾಂಶಗಳನ್ನು ಅಳೆದಿರುವುದು ಒಂದೇ ಮಾನದಂಡದಿಂದ. ಲೆಕ್ಕ ತಪ್ಪುವ ತಂತ್ರಾಂಶ ಇವುಗಳಲ್ಲಿ ಒಂದೂ ಇಲ್ಲ. 2×2 ಕೋಷ್ಟಕದ ಫಿಶರ್ ಪಿ-ಮೌಲ್ಯವನ್ನು, ಅಂದರೆ ನಿಜವಾದ ಸಂಬಂಧವೇ ಇಲ್ಲದಿದ್ದರೂ ಕಂಡಷ್ಟು ಅಥವಾ ಅದಕ್ಕಿಂತ ಹೆಚ್ಚಿನ ವ್ಯತ್ಯಾಸ ಆಕಸ್ಮಿಕವಾಗಿ ಬರುವ ಸಂಭವನೀಯತೆಯನ್ನು, ಎಲ್ಲವೂ ಸರಿಯಾಗಿಯೇ ಕೊಡುತ್ತವೆ. ನನಗೆ ಮುಖ್ಯವಾದ ಪ್ರಶ್ನೆ ಇಷ್ಟೇ: ಕೊಟ್ಟ ಸಂಖ್ಯೆ ಯಾವ ನಿಯಮದಿಂದ ಹುಟ್ಟಿತು ಎಂಬುದನ್ನು ತಂತ್ರಾಂಶ ಬಳಕೆದಾರನಿಗೆ ತಿಳಿಸುತ್ತದೆಯೇ? ದೊಡ್ಡ ದತ್ತಾಂಶದಲ್ಲಿ ಈ ಪ್ರಶ್ನೆಗೆ ಅಷ್ಟು ತೂಕವಿಲ್ಲ, ಏಕೆಂದರೆ ಅಲ್ಲಿ ಎಲ್ಲ ದಾರಿಗಳೂ ಹೆಚ್ಚುಕಡಿಮೆ ಒಂದೇ ಉತ್ತರಕ್ಕೆ ಬಂದು ಸೇರುತ್ತವೆ. ಸಣ್ಣ ಕೋಷ್ಟಕದಲ್ಲಿ ಹಾಗಲ್ಲ. ನಿಯಮ ಬದಲಾದರೆ ತೀರ್ಮಾನವೇ ಬದಲಾಗುತ್ತದೆ.

ಇದನ್ನು ತೋರಿಸಲು ಈ ವಿಮರ್ಶೆಗೆಂದೇ ಒಂದು ಕೋಷ್ಟಕವನ್ನು ರಚಿಸಿಕೊಂಡಿದ್ದೇನೆ. ಶಸ್ತ್ರಚಿಕಿತ್ಸೆಯ ಗಾಯಕ್ಕೆ ಹೊಸ ಮುಲಾಮು ಹಚ್ಚಿದ 10 ಮಂದಿಯಲ್ಲಿ 7 ಮಂದಿಗೆ ನಿಗದಿತ ಅವಧಿಯೊಳಗೆ ಗಾಯ ಮಾಯಿತು, 3 ಮಂದಿಗೆ ಮಾಯಲಿಲ್ಲ. ಹಳೆಯ ಮುಲಾಮು ಹಚ್ಚಿದ 15 ಮಂದಿಯಲ್ಲಿ 4 ಮಂದಿಗೆ ಮಾಯಿತು, 11 ಮಂದಿಗೆ ಮಾಯಲಿಲ್ಲ. ಒಟ್ಟು 25 ಮಂದಿ, ಅವರಲ್ಲಿ ಗುಣವಾದವರು 11. ಎಪ್ಪತ್ತು ಪ್ರತಿಶತಕ್ಕೆ ಎದುರಾಗಿ ಇಪ್ಪತ್ತೇಳು ಪ್ರತಿಶತ. ಕಣ್ಣಿಗೆ ದೊಡ್ಡ ವ್ಯತ್ಯಾಸವೇ.

ತಂತ್ರಾಂಶಕ್ಕೆ ಹೋಗುವ ಮುನ್ನ ಲೆಕ್ಕವನ್ನು ಒಮ್ಮೆ ಕೈಯಲ್ಲಿ ಮಾಡಿ ನೋಡುವುದು ಒಳ್ಳೆಯದು, ಮುಂದಿನ ಎಲ್ಲ ಗೊಂದಲಗಳ ಬೇರು ಅಲ್ಲಿಯೇ ಇದೆ. ಮುಲಾಮಿಗೂ ಗುಣವಾಗುವುದಕ್ಕೂ ಸಂಬಂಧವೇ ಇಲ್ಲ ಎಂದು ಇಟ್ಟುಕೊಂಡು, ಅಂಚಿನ ಮೊತ್ತಗಳನ್ನು (ಸಾಲು ಮತ್ತು ಕಂಬಗಳ ಒಟ್ಟುಗಳನ್ನು) ಹಾಗೆಯೇ ಉಳಿಸಿಕೊಂಡರೆ, 25 ಮಂದಿಯಲ್ಲಿ ಗುಣವಾದ 11 ಮಂದಿಯನ್ನು ಆರಿಸುವ ವಿಧಾನಗಳು ಒಟ್ಟು 44,57,400. ಇವುಗಳಲ್ಲಿ ಹೊಸ ಮುಲಾಮಿನ ಗುಂಪಿಗೆ ಸರಿಯಾಗಿ 7 ಮಂದಿ ಬೀಳುವ ವಿಧಾನಗಳು 1,63,800; 8 ಮಂದಿ ಬೀಳುವವು 20,475; 9 ಮಂದಿಯದು 1,050; 10 ಮಂದಿಯದು ಕೇವಲ 15. ನಾಲ್ಕನ್ನೂ ಕೂಡಿಸಿ ಒಟ್ಟು ವಿಧಾನಗಳಿಂದ ಭಾಗಿಸಿದರೆ 0.0416 ಬರುತ್ತದೆ. ಇದು ಏಕಮುಖ, ಅಂದರೆ ಒಂದೇ ದಿಕ್ಕಿನ ವ್ಯತ್ಯಾಸವನ್ನು ಎಣಿಸುವ ಪಿ-ಮೌಲ್ಯ. ದ್ವಿಮುಖ ಮೌಲ್ಯಕ್ಕೆ ಇನ್ನೊಂದು ತುದಿಯನ್ನೂ ಸೇರಿಸಬೇಕು, ಮತ್ತು ಅಲ್ಲಿ ಎಷ್ಟನ್ನು ಸೇರಿಸಬೇಕು ಎಂಬುದರಲ್ಲಿ ಒಮ್ಮತವಿಲ್ಲ. ಹೆಚ್ಚಿನ ತಂತ್ರಾಂಶಗಳು ಅನುಸರಿಸುವ ನಿಯಮದ ಪ್ರಕಾರ, ಕಂಡ ಕೋಷ್ಟಕದಷ್ಟೇ ಅಥವಾ ಅದಕ್ಕಿಂತ ಕಡಿಮೆ ಸಂಭವನೀಯತೆಯುಳ್ಳ ಕೋಷ್ಟಕಗಳನ್ನೆಲ್ಲ ಕೂಡಿಸಬೇಕು. ಹೊಸ ಮುಲಾಮಿನ ಗುಂಪಿನಲ್ಲಿ 0 ಅಥವಾ 1 ಮಂದಿ ಗುಣವಾಗುವ ಕೋಷ್ಟಕಗಳು ಈ ಮಿತಿಯೊಳಗೆ ಬರುತ್ತವೆ. 2 ಮಂದಿಯ ಕೋಷ್ಟಕಕ್ಕೆ 2,25,225 ವಿಧಾನಗಳಿರುವುದರಿಂದ ಅದು ಹೊರಗುಳಿಯುತ್ತದೆ. ಹೀಗೆ ಬರುವ ಮೊತ್ತ 0.0486. ಇನ್ನೊಂದು ನಿಯಮ ಏಕಮುಖ ಮೌಲ್ಯವನ್ನೇ ಎರಡು ಪಟ್ಟು ಮಾಡಿ ಎನ್ನುತ್ತದೆ. ಆಗ ಬರುವುದು 0.083. ಮೊದಲನೆಯದು ಮಹತ್ವವನ್ನು ತೀರ್ಮಾನಿಸಲು ರೂಢಿಯಲ್ಲಿರುವ 0.05ರ ಗೆರೆಯ ಈಚೆ, ಎರಡನೆಯದು ಆಚೆ. ಎರಡೂ ನಿಖರ ಪರೀಕ್ಷೆಗಳೇ, ಎರಡಕ್ಕೂ ಸಮರ್ಥನೆ ಉಂಟು.

ಈಗ ಇದೇ ಕೋಷ್ಟಕವನ್ನು ಎಸ್‌ಪಿಎಸ್‌ಎಸ್‌ಗೆ ಕೊಡೋಣ, ಏಕೆಂದರೆ ನಮ್ಮ ಕಾಲೇಜುಗಳಲ್ಲಿ ವಿದ್ಯಾರ್ಥಿಗಳಿಗೆ ಮೊದಲು ಪರಿಚಯವಾಗುವುದು ಅದೇ. 25 ಸಾಲುಗಳ ಬದಲು ನಾಲ್ಕೇ ಸಾಲು ತುಂಬಿ, ಎಣಿಕೆಯ ಕಂಬವನ್ನು ವೆಯ್ಟ್ ಕೇಸಸ್ ಎಂಬಲ್ಲಿ ಸೂಚಿಸಿ, ಕ್ರಾಸ್‌ಟ್ಯಾಬ್ಸ್ ತೆರೆದು ಕೈ-ಸ್ಕ್ವೇರ್‌ಗೆ ಗುರುತು ಹಾಕಿದರೆ ಸಾಕು. 2×2 ಕೋಷ್ಟಕವಾದರೆ ಫಿಶರ್ ಮೌಲ್ಯ ಕೇಳದೆಯೇ ಬರುತ್ತದೆ. ಬಳಕೆಯ ಸುಲಭತೆಯಲ್ಲಿ ಇದಕ್ಕೆ ಪೂರ್ಣ ಅಂಕ ಕೊಡಬೇಕು. ಆದರೆ ಫಲಿತಾಂಶದ ಆ ಚೌಕಟ್ಟನ್ನು ಹತ್ತಿರದಿಂದ ನೋಡಿ. ಮೊದಲ ಸಾಲಿನಲ್ಲಿ ಪಿಯರ್ಸನ್ ಕೈ-ಸ್ಕ್ವೇರ್ 4.573, ಪಿ-ಮೌಲ್ಯ 0.032. ಅದರ ಕೆಳಗೆ ಸಣ್ಣ ಸಂಖ್ಯೆಗಳಿಗಾಗಿ ಕೈ-ಸ್ಕ್ವೇರನ್ನು ತಗ್ಗಿಸುವ ಯೇಟ್ಸ್ ತಿದ್ದುಪಡಿಯ ಸಾಲಿನಲ್ಲಿ 2.983, ಪಿ-ಮೌಲ್ಯ 0.084. ಮತ್ತೂ ಕೆಳಗೆ ಫಿಶರ್ ಸಾಲಿನಲ್ಲಿ ದ್ವಿಮುಖ 0.049, ಅದರ ಪಕ್ಕದಲ್ಲಿಯೇ ಏಕಮುಖ 0.042. ಇವೆಲ್ಲದರ ತಳದಲ್ಲಿ ಸಣ್ಣಕ್ಷರದ ಒಂದು ಅಡಿಟಿಪ್ಪಣಿ: ಒಂದು ಮನೆಯಲ್ಲಿ, ಅಂದರೆ 25 ಪ್ರತಿಶತ ಮನೆಗಳಲ್ಲಿ, ನಿರೀಕ್ಷಿತ ಸಂಖ್ಯೆ (ಸಂಬಂಧವೇ ಇಲ್ಲದಿದ್ದರೆ ಆ ಮನೆಯಲ್ಲಿ ಬರಬೇಕಾದ ಎಣಿಕೆ) 5ಕ್ಕಿಂತ ಕಡಿಮೆ ಇದೆ, ಕನಿಷ್ಠ ನಿರೀಕ್ಷಿತ ಸಂಖ್ಯೆ 4.40.

ವಿದ್ಯಾರ್ಥಿ ಈ ಚೌಕಟ್ಟನ್ನು ಮುಂದಿಟ್ಟು "ಸರ್, ಇವುಗಳಲ್ಲಿ ಯಾವುದನ್ನು ಬರೆಯಲಿ?" ಎಂದು ಕೇಳುತ್ತಾರೆ. ಆ ಪ್ರಶ್ನೆಯೇ ತಂತ್ರಾಂಶದ ವಿನ್ಯಾಸದಿಂದ ಹುಟ್ಟಿದ್ದು. ಒಂದೇ ದತ್ತಾಂಶಕ್ಕೆ ನಾಲ್ಕು ಪಿ-ಮೌಲ್ಯಗಳನ್ನು ಒಂದರ ಕೆಳಗೊಂದು ಇಟ್ಟರೆ, ಮನುಷ್ಯನ ಕಣ್ಣು ಮೊದಲು ಹೋಗುವುದು ಈ ನಾಲ್ಕರಲ್ಲಿ ಚಿಕ್ಕದಾದ 0.032ರ ಮೇಲೆಯೇ. ಅದು ಮೊದಲ ಸಾಲಿನಲ್ಲಿಯೂ ಇದೆ. ಅದನ್ನು ಬಳಸಬಾರದು ಎಂದು ಹೇಳುವ ಟಿಪ್ಪಣಿ ಮಾತ್ರ ಎಲ್ಲಕ್ಕಿಂತ ಕೆಳಗೆ, ಎಲ್ಲಕ್ಕಿಂತ ಸಣ್ಣ ಅಕ್ಷರದಲ್ಲಿ ಇದೆ. ಪ್ರಬಂಧಕ್ಕೆ ಕೋಷ್ಟಕವನ್ನು ನಕಲು ಮಾಡುವಾಗ ಹೆಚ್ಚಿನವರು ಅದನ್ನು ಕತ್ತರಿಸಿಯೇ ಬಿಡುತ್ತಾರೆ. ಯಾವ ಪರೀಕ್ಷೆ ಎಂಬುದನ್ನು ದತ್ತಾಂಶ ನೋಡುವ ಮೊದಲೇ ನಿರ್ಧರಿಸಿ ಬರೆದಿಟ್ಟವರಿಗೆ ಈ ಚೌಕಟ್ಟಿನಿಂದ ತೊಂದರೆಯಿಲ್ಲ. ಹಾಗೆ ಬರೆದಿಟ್ಟುಕೊಂಡು ಬರುವವರು ಕಡಿಮೆ ಎಂಬುದು ಈ ಕೆಲಸದಲ್ಲಿರುವ ಎಲ್ಲರ ಅನುಭವ.

ನಿರೀಕ್ಷಿತ ಸಂಖ್ಯೆ 5ಕ್ಕಿಂತ ಕಡಿಮೆ ಇದ್ದರೆ ಕೈ-ಸ್ಕ್ವೇರ್ ಬಳಸಬಾರದು ಎಂಬ ಆ 5ರ ನಿಯಮದ ಬಗ್ಗೆಯೂ ಒಂದು ಮಾತು. ಅದನ್ನು ಪ್ರಚಾರಕ್ಕೆ ತಂದವರಲ್ಲಿ ಮುಖ್ಯರು ಕಾಕ್ರನ್. 1954ರ ಅವರ ಲೇಖನ ಇಂದಿಗೂ ಉಲ್ಲೇಖವಾಗುತ್ತದೆ. ನಿಯಮ ಹೇಳುವುದು ನಿರೀಕ್ಷಿತ ಸಂಖ್ಯೆಯ ವಿಷಯವನ್ನು, ಕಂಡ ಸಂಖ್ಯೆಯದ್ದಲ್ಲ. ನಮ್ಮ ಕೋಷ್ಟಕದಲ್ಲಿ 3 ಮತ್ತು 4 ಎಂಬ ಎರಡು ಮನೆಗಳು 5ಕ್ಕಿಂತ ಚಿಕ್ಕವು, ಆದರೆ ನಿರೀಕ್ಷಿತ ಸಂಖ್ಯೆ 5ಕ್ಕಿಂತ ಕಡಿಮೆ ಇರುವ ಮನೆ ಒಂದೇ, ಅದೂ ಕಂಡ ಸಂಖ್ಯೆ 7 ಇರುವ ಮನೆ. ಸಾಲಿನ ಮೊತ್ತ 10ನ್ನು ಕಂಬದ ಮೊತ್ತ 11ರಿಂದ ಗುಣಿಸಿ 25ರಿಂದ ಭಾಗಿಸಿದರೆ ಬರುವ 4.4 ಅದು. ಪ್ರಬಂಧಗಳಲ್ಲಿ ಈ ಎರಡನ್ನೂ ಅದಲುಬದಲು ಮಾಡಿ ಬರೆದಿರುವುದನ್ನು ಮತ್ತೆ ಮತ್ತೆ ಕಾಣುತ್ತೇವೆ. ಈ ವಿಷಯದಲ್ಲಿ ಎಸ್‌ಪಿಎಸ್‌ಎಸ್ ಟಿಪ್ಪಣಿ ಸ್ಪಷ್ಟವಾಗಿದೆ ಎಂದು ಒಪ್ಪಬೇಕು.

ಆರ್‌ಗೆ ಬರೋಣ. ಇದು ಉಚಿತ, ಫಿಶರ್.ಟೆಸ್ಟ್ ಎಂಬ ಆಜ್ಞೆ ಮೂಲ ಸಂಚಿಕೆಯೊಳಗೇ ಇದೆ, ಬೇರೆ ಪ್ಯಾಕೇಜ್ ಇಳಿಸಿಕೊಳ್ಳಬೇಕಾಗಿಲ್ಲ. ನಾಲ್ಕು ಸಂಖ್ಯೆಗಳನ್ನು ಮ್ಯಾಟ್ರಿಕ್ಸ್ ಮಾಡಿ ಕೊಟ್ಟರೆ ಒಂದೇ ಪಿ-ಮೌಲ್ಯ ಬರುತ್ತದೆ: 0.04862. ಅದರೊಂದಿಗೆ ಯಾವ ಪ್ರಾಕ್ಕಲ್ಪನೆಯನ್ನು ಪರೀಕ್ಷಿಸಲಾಯಿತು ಎಂಬ ಒಂದು ವಾಕ್ಯ, ಆಡ್ಸ್ ರೇಶಿಯೋ (ಗುಣವಾದವರಿಗೂ ಆಗದವರಿಗೂ ಇರುವ ಅನುಪಾತ ಒಂದು ಗುಂಪಿನಲ್ಲಿ ಇನ್ನೊಂದರ ಎಷ್ಟು ಪಟ್ಟು ಎಂಬುದು) ಮತ್ತು ಅದರ ನಿಜ ಬೆಲೆ ಇರಬಹುದಾದ ವ್ಯಾಪ್ತಿಯನ್ನು ಸೂಚಿಸುವ 95 ಪ್ರತಿಶತದ ವಿಶ್ವಾಸಾಂತರ. ಕೇಳಿದ್ದು ಒಂದು ಪರೀಕ್ಷೆ, ಕೊಟ್ಟದ್ದು ಒಂದು ಉತ್ತರ. ಇದರಲ್ಲಿ ಒಂದು ಶಿಸ್ತು ಇದೆ, ನನಗೆ ಅದು ಬಹಳ ಇಷ್ಟ. ಯಾರಾದರೂ ಇದೇ ಕೋಷ್ಟಕಕ್ಕೆ ಕೈ-ಸ್ಕ್ವೇರ್ ಆಜ್ಞೆ ಕೊಟ್ಟರೆ ಆರ್ ಯೇಟ್ಸ್ ತಿದ್ದುಪಡಿಯನ್ನು ತಾನಾಗಿಯೇ ಹಾಕಿ 0.084 ಕೊಡುತ್ತದೆ, ಜೊತೆಗೆ ಈ ಅಂದಾಜು ಸರಿಯಿಲ್ಲದಿರಬಹುದು ಎಂಬ ಎಚ್ಚರಿಕೆಯನ್ನೂ ಮುದ್ರಿಸುತ್ತದೆ. ಕಣ್ಣಿಗೆ ಬೀಳುವ ಜಾಗದಲ್ಲಿ ಎಚ್ಚರಿಕೆ ಇಡುವುದು ಹೀಗೆ.

ಆದರೆ ಆರ್ ಕೊಡುವ ಆ ಕೆಲವೇ ಸಾಲುಗಳಲ್ಲಿ ಎರಡು ವಿಷಯಗಳನ್ನು ಬಲ್ಲವರು ಹೇಳಿಕೊಡದಿದ್ದರೆ ಓದುಗ ದಾರಿ ತಪ್ಪುತ್ತಾನೆ.

ಮೊದಲನೆಯದು ಆಡ್ಸ್ ರೇಶಿಯೋ. ಶಾಲಾ ಲೆಕ್ಕದಂತೆ 7ನ್ನು 11ರಿಂದ, 3ನ್ನು 4ರಿಂದ ಗುಣಿಸಿ ಭಾಗಿಸಿದರೆ ಬರುವುದು 6.42. ಆರ್ ಕೊಡುವುದು 5.89. ಇದು ದೋಷವಲ್ಲ. ಅಂಚಿನ ಮೊತ್ತಗಳು ಸ್ಥಿರ ಎಂದು ಭಾವಿಸಿ ಮಾಡಿದ ಗರಿಷ್ಠ ಸಂಭಾವ್ಯತೆಯ ಅಂದಾಜು ಅದು, ಆರ್‌ನ ಸಹಾಯಪುಟದಲ್ಲಿ ಹಾಗೆಂದು ಬರೆದೂ ಇದೆ. ಆದರೆ ಫಲಿತಾಂಶದ ಪರದೆಯ ಮೇಲೆ ಅಚ್ಚಾಗುವುದು ಬರೀ ಆಡ್ಸ್ ರೇಶಿಯೋ ಎಂಬ ಹೆಸರು. ಕೋಷ್ಟಕದಲ್ಲಿ ಆರ್‌ನ 5.89 ಬರೆದು, ಪಠ್ಯದಲ್ಲಿ ಕೈಲೆಕ್ಕದ 6.42 ಬರೆದ ಪ್ರಬಂಧವನ್ನು ಪರೀಕ್ಷಕರು ತಪ್ಪೆಂದು ಗುರುತಿಸಿದರೆ ಅವರನ್ನು ದೂರುವಂತಿಲ್ಲ. ಯಾವ ಅಂದಾಜು ಎಂದು ಒಂದು ಪದ ಸೇರಿಸಿದ್ದರೆ ಈ ಗೊಂದಲವೇ ಇರುತ್ತಿರಲಿಲ್ಲ.

ಎರಡನೆಯದು ಇನ್ನೂ ಗಂಭೀರವಾದದ್ದು. ಪಿ-ಮೌಲ್ಯ 0.0486, ಅಂದರೆ 5 ಪ್ರತಿಶತ ಮಟ್ಟದಲ್ಲಿ ಮಹತ್ವವುಳ್ಳದ್ದು. ಅದರ ಕೆಳಗಿನ ಸಾಲಿನ ವಿಶ್ವಾಸಾಂತರ ಮಾತ್ರ 0.84ರಿಂದ 55.2ರವರೆಗೆ, ಅದರೊಳಗೆ ವ್ಯತ್ಯಾಸವೇ ಇಲ್ಲ ಎಂದು ಸೂಚಿಸುವ 1 ಇದೆ, ಅಂದರೆ ಮಹತ್ವವಿಲ್ಲ. ಒಂದೇ ಪರೀಕ್ಷೆಯ ಒಂದೇ ಫಲಿತಾಂಶದೊಳಗೆ ಎರಡು ಸಾಲುಗಳು ಪರಸ್ಪರ ವಿರುದ್ಧ ಮಾತಾಡುತ್ತಿವೆ. ಇದನ್ನು ಮೊದಲ ಸಲ ಕಂಡವರು ತಮ್ಮ ದತ್ತಾಂಶದಲ್ಲೇ ಏನೋ ಎಡವಟ್ಟಾಗಿದೆ ಎಂದುಕೊಳ್ಳುತ್ತಾರೆ. ಕಾರಣ ಮೇಲೆ ಮಾಡಿದ ಕೈಲೆಕ್ಕದಲ್ಲಿಯೇ ಇದೆ. ಆರ್ ಪಿ-ಮೌಲ್ಯವನ್ನು ಮೊದಲ ನಿಯಮದಿಂದ, ಅಂದರೆ ಕಡಿಮೆ ಸಂಭವನೀಯತೆಯ ಕೋಷ್ಟಕಗಳನ್ನು ಕೂಡಿಸಿ ಪಡೆಯುತ್ತದೆ. ವಿಶ್ವಾಸಾಂತರವನ್ನಾದರೋ ಎರಡನೆಯ ನಿಯಮಕ್ಕೆ ಹೊಂದುವಂತೆ, ಪ್ರತಿ ತುದಿಗೆ 2.5 ಪ್ರತಿಶತ ಹಂಚಿ ಕಟ್ಟುತ್ತದೆ. ನಮ್ಮ ಏಕಮುಖ ಮೌಲ್ಯ 4.16 ಪ್ರತಿಶತ ಇರುವುದರಿಂದ, 2.5ರ ಮಿತಿಯಲ್ಲಿ 1ನ್ನು ಹೊರಗಿಡಲು ಆಗುವುದಿಲ್ಲ. ಎರಡು ನಿಯಮಗಳು ಒಂದೇ ಪುಟದಲ್ಲಿ ಹೆಸರಿಲ್ಲದೆ ಕೂತಿವೆ, ಅಷ್ಟೇ. ಆರ್ ಬಗ್ಗೆ ನನ್ನ ಅತಿ ದೊಡ್ಡ ತಕರಾರು ಇದು, ಮತ್ತು ಇಷ್ಟು ಗೌರವಾನ್ವಿತವಾದ ತಂತ್ರಾಂಶದ ವಿಷಯದಲ್ಲಿ ಇದನ್ನು ಮುಚ್ಚಿಡದೆ ಹೇಳುವುದು ಅಗತ್ಯ ಎಂದು ಭಾವಿಸುತ್ತೇನೆ.

ಪರಿಹಾರವೂ ಆರ್‌ನೊಳಗೇ ಇದೆ. ಮೈಕೇಲ್ ಫೇ ಅವರು ರಚಿಸಿದ ಎಗ್ಸ್ಯಾಕ್ಟ್2x2 ಎಂಬ ಪ್ಯಾಕೇಜ್ ಹುಟ್ಟಿದ್ದೇ ಈ ವಿರೋಧವನ್ನು ನೀಗಿಸಲು. 2010ರಲ್ಲಿ ಅವರು ಇದನ್ನು ಕುರಿತು ಲೇಖನಗಳನ್ನೂ ಪ್ರಕಟಿಸಿದರು. ಇದರಲ್ಲಿ ದ್ವಿಮುಖ ನಿಯಮವನ್ನು ಬಳಕೆದಾರನೇ ಆರಿಸಬಹುದು. ಸೆಂಟ್ರಲ್ ಎಂಬುದನ್ನು ಆರಿಸಿದರೆ ಪಿ-ಮೌಲ್ಯ 0.083 ಆಗುತ್ತದೆ, ವಿಶ್ವಾಸಾಂತರ 1ನ್ನು ಒಳಗೊಳ್ಳುತ್ತದೆ. ಎರಡೂ ಸಾಲುಗಳು ಒಂದೇ ಮಾತು ಹೇಳುತ್ತವೆ. ಮಿನ್‌ಲೈಕ್ ಎಂಬುದನ್ನು ಆರಿಸಿದರೆ ಪಿ-ಮೌಲ್ಯ 0.0486 ಆಗಿಯೇ ಉಳಿದು, ವಿಶ್ವಾಸಾಂತರವನ್ನು ಅದೇ ನಿಯಮದಿಂದ ಕಟ್ಟಿಕೊಡಲಾಗುತ್ತದೆ. ಆರಿಸಿದ ನಿಯಮದ ಹೆಸರು ಫಲಿತಾಂಶದ ತಲೆಬರಹದಲ್ಲಿ ಅಚ್ಚಾಗುತ್ತದೆ. ನಾನು ಮೊದಲು ಹೇಳಿದ ಮಾನದಂಡಕ್ಕೆ ಪೂರ್ತಿಯಾಗಿ ಸಲ್ಲುವ ಸಾಧನ ಇದೊಂದೇ. ಮಿಡ್-ಪಿ ಎಂಬ ಹೊಂದಾಣಿಕೆಯನ್ನೂ ಇದು ಕೊಡುತ್ತದೆ. 1961ರಲ್ಲಿ ಲ್ಯಾಂಕಾಸ್ಟರ್ ಸೂಚಿಸಿದ ಈ ವಿಧಾನದಲ್ಲಿ ಕಂಡ ಕೋಷ್ಟಕದ ಸಂಭವನೀಯತೆಯ ಅರ್ಧವನ್ನು ಮಾತ್ರ ಎಣಿಸುತ್ತಾರೆ. ನಮ್ಮ ಕೋಷ್ಟಕದ ಏಕಮುಖ ಮೌಲ್ಯ 0.0232ಕ್ಕೆ, ಅದರ ಇಮ್ಮಡಿ 0.046ಕ್ಕೆ ಇಳಿಯುತ್ತದೆ.

ಕೋಡ್ ಬರೆಯಲು ಹಿಂಜರಿಯುವವರಿಗೆ ನಾನು ಜಮೋವಿಯನ್ನು ಶಿಫಾರಸು ಮಾಡುತ್ತೇನೆ. ಅದೂ ಉಚಿತ, ಒಳಗೆ ನಡೆಯುವುದು ಆರ್‌ನ ಲೆಕ್ಕವೇ, ನೋಡಲು ಮಾತ್ರ ಎಸ್‌ಪಿಎಸ್‌ಎಸ್‌ನಂತೆ ಮೆನುಗಳಿಂದ ಕೂಡಿದೆ. ಫ್ರೀಕ್ವೆನ್ಸೀಸ್ ಮೆನುವಿನೊಳಗೆ ಸಾಲು, ಕಂಬ, ಎಣಿಕೆ ಎಂಬ ಮೂರು ಪೆಟ್ಟಿಗೆಗಳಿಗೆ ಚರಗಳನ್ನು ಎಳೆದು ಹಾಕಿ, ಫಿಶರ್ ಪರೀಕ್ಷೆಗೆ ಗುರುತು ಹಾಕಬೇಕು. ಗುರುತು ಹಾಕಿದ್ದು ಮಾತ್ರ ಬರುತ್ತದೆ ಎಂಬುದು ಇದರ ಗುಣ: ಕೈ-ಸ್ಕ್ವೇರ್ ಗುರುತನ್ನು ತೆಗೆದುಬಿಟ್ಟರೆ ಫಲಿತಾಂಶದಲ್ಲಿ ಫಿಶರ್ ಒಂದೇ ಉಳಿಯುತ್ತದೆ, ಆಸೆ ಹುಟ್ಟಿಸುವ 0.032 ಕಣ್ಣಿಗೇ ಬೀಳುವುದಿಲ್ಲ. ಹೊಸ ವಿದ್ಯಾರ್ಥಿಗಳ ಮಟ್ಟಿಗೆ ಇದು ದೊಡ್ಡ ಉಪಕಾರ.

ಇಲ್ಲಿಯೂ ಒಂದು ಎಚ್ಚರಿಕೆ ಬೇಕು. ಮೆನು ಆಧಾರಿತ ತಂತ್ರಾಂಶಗಳಲ್ಲಿ ಆಡ್ಸ್ ರೇಶಿಯೋಗೆ ಕೊಡುವ ವಿಶ್ವಾಸಾಂತರ ಸಾಮಾನ್ಯವಾಗಿ ಲಾಗರಿದಮ್ ಆಧಾರಿತ ಅಂದಾಜು ವಿಧಾನದ್ದು. ಎಸ್‌ಪಿಎಸ್‌ಎಸ್‌ನ ರಿಸ್ಕ್ ಎಂಬ ಆಯ್ಕೆ ಕೊಡುವುದೂ ಅದನ್ನೇ. ನಮ್ಮ ಕೋಷ್ಟಕಕ್ಕೆ ಅದು 1.09ರಿಂದ 37.7. ನಿಖರ ವಿಧಾನದ 0.84–55.2ರ ಪಕ್ಕದಲ್ಲಿ ಇಟ್ಟು ನೋಡಿದರೆ ಎಷ್ಟು ಕಿರಿದಾಗಿದೆ, ಎಷ್ಟು ಧೈರ್ಯವಾಗಿ 1ನ್ನು ಹೊರಗಿಟ್ಟಿದೆ! ಪಿ-ಮೌಲ್ಯಕ್ಕೆ ನಿಖರ ಪರೀಕ್ಷೆ ಮಾಡಿ, ವಿಶ್ವಾಸಾಂತರಕ್ಕೆ ಅಂದಾಜು ವಿಧಾನ ಬಳಸಿದರೆ ನಿಖರ ಪರೀಕ್ಷೆ ಮಾಡಿದ ಉದ್ದೇಶವೇ ಅರ್ಧ ಹಾಳಾದಂತೆ. 25 ಮಂದಿಯಿಂದ ಎಷ್ಟು ತಿಳಿಯಲು ಸಾಧ್ಯ, ಎಷ್ಟು ಸಾಧ್ಯವಿಲ್ಲ ಎಂಬುದನ್ನು 55.2 ಎಂಬ ಆ ಮೇಲ್ಮಿತಿ ಯಾವ ಪಿ-ಮೌಲ್ಯಕ್ಕಿಂತಲೂ ಚೆನ್ನಾಗಿ ಹೇಳುತ್ತದೆ; ಅದನ್ನು ಪ್ರಬಂಧದಲ್ಲಿ ಬರೆಯಲು ವಿದ್ಯಾರ್ಥಿಗಳು ಸಂಕೋಚಪಡಬಾರದು.

ನಗರದ ಸಾಫ್ಟ್‌ವೇರ್ ಕಚೇರಿಗಳಲ್ಲಿ ದತ್ತಾಂಶದ ಕೆಲಸ ಮಾಡುವವರು ಪೈಥಾನ್ ಬಳಸುತ್ತಾರೆ. ಅವರಿಗೆ ಪೈಥಾನ್‌ನ ಗಣಿತ ಪ್ಯಾಕೇಜ್ ಆದ ಸೈಪೈ ಇದೆ. ಅದರ ಫಿಶರ್ ಆಜ್ಞೆ ಇದೇ 0.0486 ಕೊಡುತ್ತದೆ, ಆದರೆ ಆಡ್ಸ್ ರೇಶಿಯೋ 6.42 ಕೊಡುತ್ತದೆ. ಆರ್‌ನಲ್ಲಿ ಒಬ್ಬರು, ಪೈಥಾನ್‌ನಲ್ಲಿ ಇನ್ನೊಬ್ಬರು ಲೆಕ್ಕ ಮಾಡಿ ತಾಳೆ ನೋಡುವ ತಂಡಗಳಲ್ಲಿ ಇದು ವ್ಯರ್ಥ ಚರ್ಚೆಗೆ ಕಾರಣವಾಗುತ್ತದೆ. ಸೈಪೈನಲ್ಲಿ ಎರಡೂ ಬಗೆಯ ಅಂದಾಜು ಕೊಡುವ ಪ್ರತ್ಯೇಕ ಆಜ್ಞೆ ಈಗ ಇದೆ, ಅದನ್ನೇ ಬಳಸುವುದು ಲೇಸು. ಬಹಳ ಕಾಲ ಸೈಪೈ 2×2 ಕೋಷ್ಟಕಕ್ಕಷ್ಟೇ ಸೀಮಿತವಾಗಿತ್ತು, 1.15ನೇ ಆವೃತ್ತಿಯಿಂದ ಆ ಮಿತಿ ಸಡಿಲವಾಗಿದೆ. ಸ್ಟಾಟಾ ಮತ್ತು ಸಾಸ್ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಸ್ಟಾಟಾದಲ್ಲಿ ಟ್ಯಾಬಿ ಎಂಬ ಆಜ್ಞೆಯ ಮುಂದೆ ನಾಲ್ಕು ಸಂಖ್ಯೆಗಳನ್ನು ನೇರವಾಗಿ ಬರೆದರೆ ಉತ್ತರ ಬರುತ್ತದೆ, ಇದಕ್ಕಿಂತ ಚುಟುಕಾದ ದಾರಿ ಬೇರೆಲ್ಲೂ ಇಲ್ಲ. ಸಾಸ್‌ನ ಪ್ರಾಕ್ ಫ್ರೀಕ್ ಎಡತುದಿ, ಬಲತುದಿ, ದ್ವಿಮುಖ ಮೌಲ್ಯಗಳ ಜೊತೆಗೆ ಕಂಡ ಕೋಷ್ಟಕದ ಸಂಭವನೀಯತೆಯನ್ನೂ ಪ್ರತ್ಯೇಕ ಸಾಲಿನಲ್ಲಿ ಕೊಡುತ್ತದೆ. ಕಲಿಸುವವರಿಗೆ ಅದು ಬಹಳ ಉಪಯುಕ್ತ.

ಕೋಷ್ಟಕ 2×2ಕ್ಕಿಂತ ದೊಡ್ಡದಾದಾಗ ಪರಿಸ್ಥಿತಿ ಬದಲಾಗುತ್ತದೆ. ಫ್ರೀಮನ್ ಮತ್ತು ಹಾಲ್ಟನ್ 1951ರಲ್ಲಿಯೇ ಫಿಶರ್ ಪರೀಕ್ಷೆಯನ್ನು ದೊಡ್ಡ ಕೋಷ್ಟಕಗಳಿಗೆ ವಿಸ್ತರಿಸಿದ್ದರು. ಆದರೆ ಅಂಚಿನ ಮೊತ್ತಗಳಿಗೆ ಹೊಂದುವ ಎಲ್ಲ ಕೋಷ್ಟಕಗಳನ್ನೂ ಪಟ್ಟಿ ಮಾಡುವುದು ಆಗಿನ ಯಂತ್ರಗಳಿಗೆ ಅಸಾಧ್ಯವೇ ಆಗಿತ್ತು. ಇದನ್ನು ಸಾಧ್ಯವಾಗಿಸಿದವರು ಭಾರತೀಯ ಮೂಲದ ಇಬ್ಬರು, ಸೈರಸ್ ಮೆಹ್ತಾ ಮತ್ತು ನಿತಿನ್ ಪಟೇಲ್. ಎಲ್ಲ ಕೋಷ್ಟಕಗಳನ್ನೂ ಒಂದೊಂದಾಗಿ ಎಣಿಸದೆ, ಅವುಗಳನ್ನು ಒಂದು ಜಾಲದ ದಾರಿಗಳಂತೆ ಜೋಡಿಸಿ, ಫಲಿತಾಂಶದ ಮೇಲೆ ಪರಿಣಾಮ ಖಚಿತವಾಗಿರುವ ಕವಲುಗಳನ್ನು ಇಡಿಯಾಗಿ ಒಮ್ಮೆಲೇ ಲೆಕ್ಕಕ್ಕೆ ತೆಗೆದುಕೊಳ್ಳುವ ಕ್ರಮವನ್ನು ಅವರು 1983ರಲ್ಲಿ ಪ್ರಕಟಿಸಿದರು; 1986ರಲ್ಲಿ ಫೆಗ್ಸಾಕ್ಟ್ ಎಂಬ ಪ್ರೋಗ್ರಾಂ ಹೊರಬಂತು. ಮುಂದೆ ಸುಧಾರಣೆ ಕಂಡ ಅದೇ ಫೆಗ್ಸಾಕ್ಟ್ ಇಂದು ಆರ್‌ನ ಫಿಶರ್.ಟೆಸ್ಟ್ ಒಳಗೆ ಕೆಲಸ ಮಾಡುತ್ತಿದೆ. ಇವರಿಬ್ಬರೂ 1987ರಲ್ಲಿ ಸ್ಥಾಪಿಸಿದ ಸೈಟೆಲ್ ಕಂಪನಿಯ ಸ್ಟಾಟ್‌ಎಗ್ಸ್ಯಾಕ್ಟ್ ನಿಖರ ಪರೀಕ್ಷೆಗಳಿಗಾಗಿಯೇ ರೂಪುಗೊಂಡ ತಂತ್ರಾಂಶ. ನಮ್ಮ ವಿದ್ಯಾರ್ಥಿಗಳು ಒಂದು ಆಜ್ಞೆಯಲ್ಲಿ ಮಾಡಿ ಮುಗಿಸುವ ಲೆಕ್ಕದ ಹಿಂದೆ ಈ ಇಬ್ಬರ ಬುದ್ಧಿಶ್ರಮ ಇದೆ ಎಂಬುದನ್ನು ನಾನು ಪ್ರತಿ ತರಗತಿಯಲ್ಲೂ ಹೇಳುತ್ತೇನೆ.

ಆರ್‌ನಲ್ಲಿ ದೊಡ್ಡ ಕೋಷ್ಟಕ ಕೊಟ್ಟಾಗ ಕೆಲವೊಮ್ಮೆ ಫೆಗ್ಸಾಕ್ಟ್ ದೋಷ ಸಂಖ್ಯೆ 6 ಅಥವಾ 7 ಎಂಬ ಸಂದೇಶ ಬರುತ್ತದೆ. ಅದನ್ನು ಕಂಡು ಪರೀಕ್ಷೆ ಸಾಧ್ಯವಿಲ್ಲವೆಂದು ಕೈಬಿಡಬೇಕಾಗಿಲ್ಲ. ಲೆಕ್ಕಕ್ಕೆ ಮೀಸಲಿಟ್ಟ ಸ್ಮೃತಿಯ ಜಾಗ ಸಾಲದು ಎಂದಷ್ಟೇ ಅದರ ಅರ್ಥ. ವರ್ಕ್‌ಸ್ಪೇಸ್ ಎಂಬ ಆಯ್ಕೆಯ ಮೂಲ ಬೆಲೆ 2,00,000 ಇರುತ್ತದೆ, ಅದನ್ನು ಹತ್ತು ಪಟ್ಟು ಹೆಚ್ಚಿಸಿದರೆ ಅನೇಕ ಸಲ ಕೆಲಸ ನಡೆಯುತ್ತದೆ. ಅದಕ್ಕೂ ಬಗ್ಗದಿದ್ದರೆ ಅನುಕರಣೆಯ ದಾರಿ ಇದೆ: ಅದೇ ಅಂಚಿನ ಮೊತ್ತಗಳುಳ್ಳ ಕೋಷ್ಟಕಗಳನ್ನು ಯಾದೃಚ್ಛಿಕವಾಗಿ ಸೃಷ್ಟಿಸಿ ಪಿ-ಮೌಲ್ಯವನ್ನು ಅಂದಾಜಿಸುವುದು. ಇಲ್ಲಿ ಆರ್ ತಾನಾಗಿ ಮಾಡುವುದು 2,000 ಸಲ ಮಾತ್ರ. ನಿಜವಾದ ಮೌಲ್ಯ 0.05 ಆಗಿದ್ದರೆ 2,000 ಸಲದ ಅನುಕರಣೆಯ ಪ್ರಮಾಣ ದೋಷ ಸುಮಾರು 0.005, ಅಂದರೆ ಇಂದು 0.042, ನಾಳೆ 0.057 ಬಂದರೂ ಆಶ್ಚರ್ಯವಿಲ್ಲ. ಗೆರೆಯ ಹತ್ತಿರದ ಫಲಿತಾಂಶಕ್ಕೆ ಒಂದು ಲಕ್ಷ ಸಲವಾದರೂ ಮಾಡಬೇಕು, ಆಗ ದೋಷ 0.0007ಕ್ಕೆ ಇಳಿಯುತ್ತದೆ, ಮತ್ತು ಇಂದಿನ ಲ್ಯಾಪ್‌ಟಾಪ್‌ಗಳಿಗೆ ಅದು ಹೊರೆಯೇ ಅಲ್ಲ. ಅದೇ ಅನುಕರಣೆಯನ್ನು ಮತ್ತೆ ಪಡೆಯಲು ಬೇಕಾದ ಸೀಡ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದನ್ನು ಮರೆಯಬಾರದು.

ಎಸ್‌ಪಿಎಸ್‌ಎಸ್‌ನಲ್ಲಿ ದೊಡ್ಡ ಕೋಷ್ಟಕಕ್ಕೆ ಎಗ್ಸ್ಯಾಕ್ಟ್ ಟೆಸ್ಟ್ಸ್ ಎಂಬ ಪ್ರತ್ಯೇಕ ಭಾಗ ಬೇಕು. ಅದು ಇಲ್ಲದ ಯಂತ್ರದಲ್ಲಿ 3×2 ಕೋಷ್ಟಕ ಕೊಟ್ಟರೆ ಫಿಶರ್ ಸಾಲು ಸದ್ದಿಲ್ಲದೆ ಮಾಯವಾಗುತ್ತದೆ, ಉಳಿಯುವುದು ಕೈ-ಸ್ಕ್ವೇರ್ ಮತ್ತು ಆ ಅಡಿಟಿಪ್ಪಣಿ. ಭಾಗ ಇದ್ದವರಿಗೆ ಸೌಲಭ್ಯ ಚೆನ್ನಾಗಿಯೇ ಇದೆ: ಅನುಕರಣೆಗೆ ತಾನಾಗಿಯೇ 10,000 ಮಾದರಿ ತೆಗೆದುಕೊಳ್ಳುತ್ತದೆ, ಬಂದ ಪಿ-ಮೌಲ್ಯಕ್ಕೆ 99 ಪ್ರತಿಶತದ ವಿಶ್ವಾಸಾಂತರವನ್ನೂ ಮುದ್ರಿಸುತ್ತದೆ. ಅನುಕರಣೆಯ ಅನಿಶ್ಚಿತತೆಯನ್ನು ಹೀಗೆ ಬಿಚ್ಚಿಡುವುದರಲ್ಲಿ ಅದು ಆರ್‌ಗಿಂತ ಮುಂದಿದೆ.

ಫಿಶರ್ ಪರೀಕ್ಷೆಯೇ ಕೊನೆಯ ಮಾತೇ ಎಂಬ ಪ್ರಶ್ನೆಯೂ ಉಂಟು. ಬಟ್ಟಲಿಗೆ ಮೊದಲು ಹಾಕಿದ್ದು ಹಾಲೋ ಚಹಾವೋ ಎಂಬುದನ್ನು ರುಚಿಯಿಂದಲೇ ಹೇಳಬಹುದೇ ಎಂದು ನೋಡಲು ಫಿಶರ್ 1935ರಲ್ಲಿ ವಿವರಿಸಿದ ಚಹಾದ ಪ್ರಯೋಗದಲ್ಲಿ ಎಂಟು ಬಟ್ಟಲುಗಳಿದ್ದವು, ನಾಲ್ಕಕ್ಕೆ ಹಾಲು ಮೊದಲು ಹಾಕಿದೆ ಎಂಬುದು ರುಚಿ ನೋಡುವ ಮಹಿಳೆಗೆ ಗೊತ್ತಿತ್ತು. ಹಾಗಾಗಿ ಸಾಲಿನ ಮೊತ್ತವೂ ಕಂಬದ ಮೊತ್ತವೂ ಮೊದಲೇ ಸ್ಥಿರವಾಗಿದ್ದವು. ನಮ್ಮ ಮುಲಾಮಿನ ಪ್ರಯೋಗದಲ್ಲಿ 10 ಮತ್ತು 15 ಎಂಬುದು ಮಾತ್ರ ನಾವು ನಿರ್ಧರಿಸಿದ್ದು. ಒಟ್ಟು 11 ಮಂದಿ ಗುಣವಾಗುತ್ತಾರೆ ಎಂದು ಯಾರೂ ಮೊದಲೇ ನಿಗದಿ ಮಾಡಿರಲಿಲ್ಲ. ಬಾರ್ನಾರ್ಡ್ 1945ರಲ್ಲಿ ಈ ಅಂಶವನ್ನೇ ಎತ್ತಿಕೊಂಡು ಬೇರೊಂದು ಪರೀಕ್ಷೆಯನ್ನು ಸೂಚಿಸಿದರು. 1970ರಲ್ಲಿ ಬೋಶ್ಲೂ ಸೂಚಿಸಿದ ಪರೀಕ್ಷೆಯ ಏಕಮುಖ ಪಿ-ಮೌಲ್ಯ ಫಿಶರ್ ಮೌಲ್ಯಕ್ಕಿಂತ ಎಂದೂ ಹೆಚ್ಚಾಗುವುದಿಲ್ಲ, ಹೀಗಾಗಿ ನಿಜವಾದ ವ್ಯತ್ಯಾಸವನ್ನು ಪತ್ತೆಹಚ್ಚುವ ಶಕ್ತಿ ಅದಕ್ಕೆ ಹೆಚ್ಚು. ಸೈಪೈ ತನ್ನ 1.7ನೇ ಆವೃತ್ತಿಯಲ್ಲಿ ಈ ಎರಡನ್ನೂ ಸೇರಿಸಿಕೊಂಡಿತು, ಆರ್‌ನಲ್ಲಿ ಎಗ್ಸ್ಯಾಕ್ಟ್2x2 ಪ್ಯಾಕೇಜ್‌ನೊಳಗೆ ಬೋಶ್ಲೂ ಪರೀಕ್ಷೆ ಇದೆ. ಸೈಪೈನ ಬೋಶ್ಲೂ ಆಜ್ಞೆಯ ದ್ವಿಮುಖ ಮೌಲ್ಯ ಇಮ್ಮಡಿ ನಿಯಮದ್ದು ಎಂಬುದನ್ನು ಗಮನಿಸಬೇಕು. ಅದನ್ನು ಫಿಶರ್‌ನ 0.0486ರ ಪಕ್ಕ ಇಟ್ಟು ಹೋಲಿಸಿದರೆ ಎರಡು ಬೇರೆ ಅಳತೆಗೋಲುಗಳನ್ನು ಹೋಲಿಸಿದಂತೆ. ಈ ಪರೀಕ್ಷೆಯನ್ನು ಬಳಸುವ ಇಚ್ಛೆಯಿದ್ದವರು ಅಧ್ಯಯನದ ಪ್ರಸ್ತಾವನೆಯಲ್ಲಿಯೇ ಅದನ್ನು ಬರೆದಿಡಬೇಕು. ಫಿಶರ್ 0.06 ಕೊಟ್ಟಿತೆಂದು ಆಮೇಲೆ ಬೋಶ್ಲೂ ಕಡೆಗೆ ಹೊರಳುವುದು ಎಸ್‌ಪಿಎಸ್‌ಎಸ್ ಚೌಕಟ್ಟಿನಲ್ಲಿ ಚಿಕ್ಕ ಸಂಖ್ಯೆಯನ್ನು ಹೆಕ್ಕಿದಷ್ಟೇ ಅನುಚಿತ.

ಒಂದೇ ರೋಗಿಯನ್ನು ಚಿಕಿತ್ಸೆಗೆ ಮುನ್ನ, ನಂತರ ಎರಡು ಸಲ ನೋಡಿ ಮಾಡಿದ ಕೋಷ್ಟಕಕ್ಕೆ ಮೇಲಿನ ಯಾವುದೂ ಅನ್ವಯಿಸುವುದಿಲ್ಲ. ಅದಕ್ಕೆ ಮೆಕ್‌ನೆಮಾರ್ ಪರೀಕ್ಷೆ ಬೇಕು. ಎಸ್‌ಪಿಎಸ್‌ಎಸ್ ಅದರ ನಿಖರ ರೂಪವನ್ನೇ ಕೊಡುತ್ತದೆ. ಆರ್‌ನ ಮೂಲ ಆಜ್ಞೆ ಕೊಡುವುದು ಅಂದಾಜು ರೂಪ. ಅಲ್ಲಿ ಬೈನಾಮಿಯಲ್ ಪರೀಕ್ಷೆಯನ್ನೋ, ಎಗ್ಸ್ಯಾಕ್ಟ್2x2ನಲ್ಲಿರುವ ಮೆಕ್‌ನೆಮಾರ್ ಆಜ್ಞೆಯನ್ನೋ ಬಳಸಬೇಕು. ತಂತ್ರಾಂಶ ಯಾವುದೇ ಇರಲಿ, ನಾಲ್ಕು ಸಂಖ್ಯೆಗಳನ್ನು ನೋಡಿ ಅವು ಜೋಡಿ ದತ್ತಾಂಶವೋ ಅಲ್ಲವೋ ಎಂದು ತಿಳಿಯಲು ಅದಕ್ಕೆ ದಾರಿಯಿಲ್ಲ.

ಹೊಸದಾಗಿ ಆರಂಭಿಸುವವರಿಗೆ ನನ್ನ ಆಯ್ಕೆಯ ಕ್ರಮ ಹೀಗಿದೆ. ಒಂದು ಮಧ್ಯಾಹ್ನ ಕೂತು ಕಲಿಯುವ ತಾಳ್ಮೆ ಇದ್ದರೆ ಆರ್ ಮತ್ತು ಎಗ್ಸ್ಯಾಕ್ಟ್2x2. ಅದಿಲ್ಲದಿದ್ದರೆ ಜಮೋವಿ, ಆಡ್ಸ್ ರೇಶಿಯೋದ ವಿಶ್ವಾಸಾಂತರವನ್ನು ಮಾತ್ರ ಬೇರೆ ಕಡೆ ತಾಳೆ ನೋಡಬೇಕು. ಕಾಲೇಜಿನಲ್ಲಿ ಎಸ್‌ಪಿಎಸ್‌ಎಸ್ ಪರವಾನಗಿ ಇದ್ದು ಮಾರ್ಗದರ್ಶಕರು ಅದನ್ನೇ ಒತ್ತಾಯಿಸಿದರೆ ಅದರಲ್ಲಿಯೇ ಮಾಡಬಹುದು. ಈ ಒಂದು ಪರೀಕ್ಷೆಗೋಸ್ಕರ ಅದನ್ನು ಕೊಳ್ಳುವ ಅಗತ್ಯ ಯಾರಿಗೂ ಇಲ್ಲ. ಯಾವುದರಲ್ಲಿ ಮಾಡಿದರೂ ಪ್ರಬಂಧದ ವಿಧಾನ ವಿಭಾಗದಲ್ಲಿ ತಂತ್ರಾಂಶದ ಹೆಸರು ಮತ್ತು ಆವೃತ್ತಿ, ಏಕಮುಖವೋ ದ್ವಿಮುಖವೋ ಎಂಬುದು, ದ್ವಿಮುಖ ನಿಯಮ, ಆಡ್ಸ್ ರೇಶಿಯೋ ಯಾವ ಬಗೆಯದು ಎಂಬುದು ಇರಬೇಕು. ನಮ್ಮ ಕೋಷ್ಟಕಕ್ಕೆ ನಾನು ಬರೆಸುವ ಫಲಿತಾಂಶದ ವಾಕ್ಯ ಇದು: "ಹೊಸ ಮುಲಾಮಿನ ಗುಂಪಿನಲ್ಲಿ 10ರಲ್ಲಿ 7 ಮಂದಿಗೆ, ಹಳೆಯ ಮುಲಾಮಿನ ಗುಂಪಿನಲ್ಲಿ 15ರಲ್ಲಿ 4 ಮಂದಿಗೆ ಗಾಯ ಮಾಯಿತು, ಅಂಚಿನ ಮೊತ್ತಗಳಿಗೆ ಒಳಪಟ್ಟ ಆಡ್ಸ್ ರೇಶಿಯೋ 5.89, ನಿಖರ 95 ಪ್ರತಿಶತ ವಿಶ್ವಾಸಾಂತರ 0.84ರಿಂದ 55.2, ಫಿಶರ್ ಪರೀಕ್ಷೆ, ಇಮ್ಮಡಿ ನಿಯಮದ ದ್ವಿಮುಖ ಪಿ-ಮೌಲ್ಯ 0.083."